ಎಂಟು ದಿನದ ಪೆಟ್ಟು

ಅದಕ್ಕ ಹೇಳಾಕತ್ತೀನಿ, ಏಳಬ್ಯಾಡ ಅಂತ! ಅಲ್ಲೇ ಹೊರಸಿನ ಮ್ಯಾಲ ಒರಗಿಕೊಂಡು ಕುಂದ್ರು ಲೇ ಮೇಘಾ. ನಾನೇನು ಹೊಸಾ ಬೀಗತಿ ಏನು, ನೀ ಎದ್ದು ಬಂದು ಕೈಗೆ ತಂಬಿಗಿ ಕೊಡಾಕ? ನಿಮ್ಮನಿ ಗಡಿಗಿ ಎಲ್ಲೈತಿ ಅಂತ ನಂಗ ಗೊತ್ತಿಲ್ಲೇನು... ಹಾಂ, ಕುಡಿದೆ ನೋಡು. ಏನ್ ತಣ್ಣಗ ಅದಾವ ನೀರು! ನಮ್ಮ ಹಗರಿಬೊಮ್ಮನಹಳ್ಳ್ಯಾಗ ಈ ಬ್ಯಾಸಿಗ್ಯಾಗ ನಳದ ನೀರು ಚಾ ಕಾಸಿದಂಗ ಬರ್ತಾವ.

ಯಾಕ ನಗ್ತಿ? ನನ್ನ ತಲಿ ನೋಡಿ ನಗ್ತೀ ಏನು? ನಗು, ನಗು. ಹೆಲ್ಮೆಟ್ ಹಾಕ್ಕೊಂಡು ಅಲ್ಲಿಂದ ನಿಮ್ಮೂರು ಇಟ್ಟಿಗಿ ತನಕ ಸ್ಕೂಟಿ ಹೊಡದು ನೋಡು, ನಿನ್ನ ತಲೀನೂ ಹಿಂಗ ಅಕ್ಕೈತಿ. ದಾರಿ ತುಂಬಾ ಧೂಳು. ಅದರಾಗ ಒಬ್ಬಾವ ಟ್ರ್ಯಾಕ್ಟರ್ ಅಡ್ಡ ತಂದು ನಿಲ್ಲಿಸ್ಯಾನ, ಹಿಂದಾಕ ಬರವಲ್ಲ, ಮುಂದಾಕ ಹೋಗವಲ್ಲ! ಹಿಡಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಬಸ್‌ಸ್ಟ್ಯಾಂಡಿನ ಹತ್ರದವು, ನಿನಗ ಸೇರ್ತಾವಲ್ಲ. ಮೆಣಸಿನಕಾಯಿ ಮೆತ್ತಗಾಗ್ಯಾವ, ತಿನ್ನು ಪರವಾಗಿಲ್ಲ.

ಮನಿಯಾಗ ಯಾರೂ ಇಲ್ಲೇನು? ಗಾದೆಮ್ಮಜ್ಜಿ ಎಲ್ಲೆ? ಓಹೋ, ಕುರಿ ಹಟ್ಟಿಗೆ ಬುತ್ತಿ ತಗೊಂಡು ಹೋಗ್ಯಾಳೇನು... ಈ ವಯಸ್ನ್ಯಾಗ ಅಕಿ ನಡದಷ್ಟು ನಮ್ಮ ಟೀಮಿನಾಗ ಒಬ್ರೂ ನಡಿಯಂಗಿಲ್ಲ ಬಿಡು. ಪಾಲಾಕ್ಷಪ್ಪ ಕಾಕಾ? ನಿಮ್ಮಪ್ಪನ ಬೈಕೂ ಇಲ್ಲ. ಹೊರಗ ಹೋಗ್ಯಾನಾ. ಆತು, ಚೊಲೋ ಆತು. ಅಂದ್ರ... ನಾವಿಬ್ರು ಕುಂತು ಮಾತಾಡಾಕ ಚೊಲೋ ಆತು ಅಂದೆ.

ತೋರ್ಸು ಕಾಲು. ಸರಿಸು ಲಂಗಾನ ಸ್ವಲ್ಪ. ಅಯ್ಯಯ್ಯ... ಈ ತೊಡೀ ಮ್ಯಾಲಿನ ಗಂಟು ಹಂಗ ಐತಲ್ಲಾ! ಐದು ವಾರ ಆತು. ಮಂಡಿ ಎಷ್ಟು ಮಡಿಚಾಕ ಬರ್ತೈತಿ? ಅಷ್ಟೇನಾ? ಸಾಕು, ಸಾಕು, ಒತ್ತಾಯ ಮಾಡಬ್ಯಾಡ, ಮುಖ ನೋಡು ಹೆಂಗ ಮಾಡ್ತಿ. ಹೊಸಪ್ಯಾಟಿ ಡಾಕ್ಟ್ರು ಆರು ತಿಂಗಳು ಅಂದ್ರಂತಲ್ಲ? ನಮ್ಮ ಕೋಚ್ ಸರ್ ಹೇಳಿದ್ರು. ಮಾಂಸದಾಗ ರಕ್ತ ಗಡ್ಡಿ ಕಟ್ಟಿ, ಅದ ಎಲುಬಾಗೈತಿ ಅಂತ ಎಕ್ಸ್‌ರೇದಾಗ ಕಾಣ್ತೈತಂತ. ತೊಡಿ ಮಾಂಸದಾಗ ಎಲುಬು! ಏನೇನ್ ಇರ್ತಾವ ನೋಡು ನಮ್ಮ ಮೈಯ್ಯಾಗ. ಆರು ತಿಂಗಳು ಏನ್ ಮಹಾ, ಹಾರಿ ಹೋಗ್ತಾವ. ನಮ್ಮ ಕ್ರಾಂತಿ ತೊಡಿಸಂದಿನಾಗ ನರ ಎಳಕೊಂಡು ಮೂರು ತಿಂಗಳು ಬಾತುಕೋಳಿ ನಡದಂಗ ನಡೀತಿದ್ಲು, ನೀನ ಅಲ್ಲೇನು ಅಕೀನ ಅಣಕಿಸಿ ತೋರಿಸ್ತಿದ್ದಾಕಿ? ಈಗ ಓಡ್ಯಾಡ್ತಾಳ. ಗಂಡು ಹುಡುಗ್ರ ಟೀಮಿನಾಗ, ಆ ಬಸವೇಶನ ಜೋಡಿ ಆಡೋ ಒಬ್ಬಾವಗ ಸೊಂಟದ ಎಲುಬಿನ ಚೂರ ಕಿತ್ತು ಬಂದಿತ್ತು, ಅವನೂ ಆಡಾಕತ್ಯಾನ. ನೀನೂ ಆಡ್ತಿ.

ಆಡ್ತಿ ಅಂದೆ. ಈ ಸಲ ಅಲ್ಲ... ಅಷ್ಟ.

ಅದಕ್ಕ ಬಂದೆ ನೋಡು. ಕಾಗದ ಒಂದೈತಿ. ಅವಸರ ಏನೂ ಇಲ್ಲ, ಮೊದ್ಲು ತಿನ್ನು. ಜಂಬುನಾಥ ಸರ್ ಕೊಟ್ಟಾರ. ಜಿಲ್ಲಾ ಟೀಮಿನ ಪಟ್ಟಿ ಮ್ಯಾಲ ಹೋಗೈತಲ್ಲ, ಹನ್ನೆರಡು ಮಂದೀದು? ಅದರಾಗ ನಿನ್ನ ಹೆಸರು ತೆಗದು ಬ್ಯಾರೇದು ಹಾಕ್ಬೇಕಂದ್ರ ನೀನ ಬರದು ಕೊಡ್ಬೇಕಂತ. ‘ನನಗೆ ತೊಡೆಗೆ ಪೆಟ್ಟಾಗಿರುವುದರಿಂದ ರಾಜ್ಯಮಟ್ಟದ ಕಬಡ್ಡಿ ಪಂದ್ಯಕ್ಕೆ ಬರಲು ಆಗುವುದಿಲ್ಲ, ನನ್ನ ಬದಲಿಗೆ...’ ಅಂತ. ಎಲ್ಲಾ ಬರದೈತಿ. ಸಹಿ ಅಷ್ಟ ಹಾಕ್ಬೇಕು. ನಾಳೆ ಬೆಳಿಗ್ಗಿ ಹತ್ತಕ್ಕ ಕಾಗದ ಜಿಲ್ಲಾ ಆಫೀಸಿನಾಗ ಇರ್ಬೇಕು, ಇಲ್ಲಾಂದ್ರ ಹನ್ನೊಂದು ಮಂದೀನ ಹೋಗೋದು ಅಂದ್ರು.

ಬದಲಿ ಯಾರ ಹೆಸರು ಅಂತ ಓದಾಕತ್ತೀಯೇನು? ನಂದ. ಮತ್ತ್ಯಾರದು? ರಿಸರ್ವ್ ನಾನ ಅಲ್ಲೇನು. ಹದಿಮೂರನೇದಾಕಿ.

ಯಾಕ ಕಾಗದ ಕೆಳಗಿಟ್ಟಿ? ಆಮ್ಯಾಲ ಹಾಕ್ತೀ ಏನು? ಆತವ್ವಾ, ಆಮ್ಯಾಲ ಹಾಕು. ನಾನೇನು ಕುತಿಗಿ ಮ್ಯಾಲ ಕುಂತಿಲ್ಲ.

ಆದ್ರ ಹಂಗ್ ನೋಡಬ್ಯಾಡ ನನ್ನ. ಏನೋ ನಾನು ಖುಷಿಲೇ ಕುಣ್ಕೊಂತ ಬಂದೀನಿ ಅನ್ನೋಹಂಗ! ಬರೋವಾಗ ದಾರಿಯಾಗ ಎರಡು ಸಲ ಸ್ಕೂಟಿ ನಿಲ್ಲಿಸಿದೆ ಗೊತ್ತೈತೇನು? ವಾಪಸ್ ಹೋಗಿಬಿಡ್ಲಿ ಅಂತ. ಮೇಘಾನ ಮುಂದ ಈ ಕಾಗದ ಹೆಂಗ ಹಿಡೀಲಿ ಅಂತ. ಆಮ್ಯಾಲ ಅಂದ್ಕೊಂಡೆ, ಯಾಕ ಹಿಡೀಬಾರ್ದು? ಒಂಬತ್ತು ವರ್ಷ ಲೇ! ಒಂಬತ್ತು ವರ್ಷದಿಂದ ಆ ಕಾಲೇಜ್ ಗ್ರೌಂಡಿನ ಮಣ್ಣು ತಿಂದೀನಿ. ಮ್ಯಾಟ್ ಇರ್ಲಿಲ್ಲ ಆಗ, ಮೊಣಕಾಲು ಕೆತ್ತಿ ಕೆತ್ತಿ ಹೋಗ್ತಿದ್ವು. ನಮ್ಮಪ್ಪ ಗಿರಣಿ ಬೀಸೋದು ಬಿಟ್ಟು ನನ್ನ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಅಂತ ಮ್ಯಾಚಿಗೆ ಕರ್ಕೊಂಡು ಅಡ್ಡಾಡ್ಯಾನ. ‘ಗಿರಣಿ ಬೆನಕಪ್ಪನ ಮಗಳು ರೈಡಿಗೆ ಹೊಂಟ್ಳು’ ಅಂದ್ರ ಆ ಕಡಿ ಏಳೂ ಮಂದಿ ಹಿಂದ ಸರೀತಿದ್ರು. ನೀನು ನೋಡಿಲ್ಲ ಅದನ್ನ. ನೀ ಬರೋದ್ರಾಗ...

ನೀ ಬಂದಿ. ನಾಕು ವರ್ಷದ ಹಿಂದ. ಚಪ್ಲಿ ಸೈತ ಇಲ್ಲದ ಬಂದಿದ್ದಿ, ನೆನಪೈತೇನು? ಕುರಿ ಹಿಂದ ಅಡ್ಡಾಡಿ ಹಿಮ್ಮಡ ಒಡದಿದ್ವು. ಸರ್ ಕೇಳಿದ್ರು, ‘ಏನವ್ವಾ, ಕಬಡ್ಡಿ ಆಡಿ ಗೊತ್ತೈತೇನು?’ ‘ಇಲ್ರಿ, ತಪ್ಪಿಸ್ಕೊಂಡ ಟಗರು ಹಿಡದು ಗೊತ್ತೈತ್ರಿ’ ಅಂದಿ. ಎಲ್ಲಾರೂ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ. ಆಮ್ಯಾಲ ಸರ್ ನಿನ್ನ ರೈಡಿಗೆ ಕಳಿಸಿದ್ರು... ಮೂರು ಮಂದೀನ ಮುಟ್ಟಿ ಬಂದಿ. ಮೊದಲ್ನೇ ರೈಡಿಗೆ. ಕಲಿಸಿದೋರಿಲ್ಲ, ಹೇಳಿದೋರಿಲ್ಲ. ನಾನು ಅದನ್ನ ಕಲಿಯಾಕ ಎರಡು ವರ್ಷ ತಗೊಂಡಿದ್ದೆ. ಆವತ್ತ ನಂಗ ಹೊಟ್ಟಿಯಾಗ ಬೆಂಕಿ ಬಿತ್ತು ನೋಡು. ಖರೇ ಹೇಳ್ತೀನಿ. ಬಿತ್ತು, ಇನ್ನೂ ಆರಿಲ್ಲ.

ನಗಬ್ಯಾಡ. ಚಾಷ್ಟಿ ಮಾಡಾಕತ್ತಿಲ್ಲ ನಾನು.

ಆದ್ರೂ ನಿಂಗ ಬೂಟು ಕೊಡಿಸಿದಾಕಿ ನಾನು. ಹೌದಿಲ್ಲೋ? ಕಾಲು ಉದ್ದಕ್ಕ ಚಾಚಿ ಬೆರಳ ತುದೀಲೇ ಮುಟ್ಟೋದು ಕಲಿಸಿದಾಕಿ ನಾನು. ಬೋನಸ್ ಲೈನ್ ಮ್ಯಾಲ ತೂಕ ಹೆಂಗ ಹಾಕ್ಬೇಕು, ಉಸ್ರು ಹೆಂಗ ಉಳಿಸ್ಕೋಬೇಕು... ‘ಸುಮಕ್ಕಾ, ಸುಮಕ್ಕಾ’ ಅಂತ ನನ್ನ ಹಿಂದಿಂದ ಅಡ್ಡಾಡಿದಿ. ನಾ ಒಂದು ಹೇಳಿದ್ರ ನೀನು ಮೂರು ಮಾಡಿ ತೋರ್ಸಿದಿ. ಸಿಟ್ಟು ಬರ್ತಿತ್ತು ಲೇ! ಒಂದು ಸಲನಾದ್ರೂ ತಪ್ಪಬಾರ್ದಾ ನೀನು? ಒಂದು ಸಲನಾದ್ರೂ ‘ಅಕ್ಕಾ, ಇದು ನಂಗ ಬರವಲ್ದು’ ಅನ್ನಬಾರ್ದಾ?

ಹೋದ ವರ್ಷ ಕೂಡ್ಲಿಗಿ ಮ್ಯಾಚಿನಾಗ ಯಾರೋ ಒಬ್ಬಾವ ನನ್ನ ತೋರಿಸಿ ಬಾಜೂದವಗ ಏನ್ ಹೇಳಿದ ಗೊತ್ತಾ? ‘ಇಕಿ ಮೇಘಾನ ಜೋಡಿ ಬರ್ತಾಳಲ್ಲ, ಅಕಿ’ ಅಂತ. ನನಗ! ಮೇಘಾನ ಜೋಡಿ ಬರಾಕಿ! ನಿನ್ನ ರೈಡಿನ ಆ ವಿಡಿಯೋ ಎಂಬತ್ತು ಸಾವಿರ ಮಂದಿ ನೋಡ್ಯಾರ ಅಂತ ನಮ್ಮವ್ವ ಸೈತ ಓಣಿ ತುಂಬಾ ಹೇಳ್ಕೊಂತ ಬಂದ್ಳು. ನಮ್ಮವ್ವ, ಲೇ. ಆ ವಿಡಿಯೋದ ಮೂಲಿಯಾಗ ನಾನೂ ಅದೀನಿ. ಬೆಂಚಿನ ಮ್ಯಾಲ, ನಿನ್ನ ನೀರಿನ ಬಾಟ್ಲಿ ಹಿಡ್ಕೊಂಡು. ಎಂಬತ್ತು ಸಾವಿರದಾಗ ಒಬ್ರೂ ಅದನ್ನ ನೋಡಿಲ್ಲ, ನಾನೊಬ್ಬಾಕಿ ನೋಡೀನಿ. ನಿಲ್ಲಿಸಿ ನಿಲ್ಲಿಸಿ ನೋಡೀನಿ.

ಆಮ್ಯಾಲ ಸರ್ ಕರದ್ರು. ‘ಸುಮಾ, ನಿಂಗ ಇಪ್ಪತ್ತಾರು ಆತು. ಮುಂದಿನ ವರ್ಷದಿಂದ ಸಣ್ಣ ಹುಡುಗ್ಯಾರಿಗೆ ನೀನ ಕಲಿಸು, ನಿಂಗ ಕಲಿಸೋ ಕೈ ಚೊಲೋ ಐತಿ’ ಅಂದ್ರು. ಬಾಯಿ ತುಂಬಾ ಹೊಗಳಿ ಕೈಯಾಗ ಸೀಟಿ ಕೊಟ್ರು. ಹೂಂ ರೀ ಸರ್ ಅಂದೆ. ಮನಿಗೆ ಬಂದು ಆ ಸೀಟೀನ ಗಿರಣಿ ಹಿಂದಿನ ತೌಡಿನ ಚೀಲದಾಗ ಒಗದೆ. ಇದ ಕಡೀ ವರ್ಷ ಮೇಘಾ ನಂದು. ಇದೊಂದು ಸಲ ರಾಜ್ಯಮಟ್ಟಕ್ಕ ಆಡಿ ಬಂದ್ರ ಸಾಕು, ಆಮ್ಯಾಲ ಸೀಟಿ ಊದ್ತೀನಿ, ಚೂಡಾ ಹಂಚ್ತೀನಿ, ಏನ್ ಬೇಕಾದ್ರೂ ಮಾಡ್ತೀನಿ. ನಿಂಗ ಇಪ್ಪತ್ತು. ನಿಂಗ ಇನ್ನೂ ಬೇಕಾದಷ್ಟು ವರ್ಷ ಅದಾವ! ಒಂದು ವರ್ಷ ನಂಗ ಬಿಟ್ಟು ಕೊಟ್ರ ನಿನ್ನ ಗಂಟೇನು ಹೋಗ್ತೈತಿ?

ಅಯ್ಯ... ಬಿಟ್ಟು ಕೊಡು ಅಂದ್ರ ನೀನೇನು ಬೇಕಂತ ಹಿಡ್ಕೊಂಡಿಲ್ಲ, ಗೊತ್ತೈತಿ. ಬಾಯಿ ಜಾರ್ತು. ಕಾಲು ಹಿಂಗ ಆಗೈತಿ, ನೀನಾದ್ರೂ ಏನ್ ಮಾಡ್ತಿ.

ಕೊಟ್ಟೂರಿನ ಆ ಪ್ರಾಕ್ಟೀಸ್ ಮ್ಯಾಚ್ ಆಡಬಾರ್ದಿತ್ತು ನಾವು. ಆ ಹಡಗಲಿ ಹುಡುಗಿ, ಏನಕಿ ಹೆಸರು, ದಪ್ಪಗಿನಾಕಿ... ಮೊಣಕಾಲು ತಂದು ನಿನ್ನ ತೊಡಿಗೆ ಧಡ್ ಅಂತ ಹೊಡದ್ಲು ನೋಡು, ಆ ಸಪ್ಪಳ ನಮಗ ಬೆಂಚಿಗೆ ಕೇಳಿಸ್ತು. ನೀ ಕೆಳಗ ಬಿದ್ದಿ. ಎಲ್ಲಾರ್ಕಿಂತ ಮೊದ್ಲು ಓಡಿ ಬಂದಾಕಿ ಯಾರು? ನಾನು. ನೀರು ಹಾಕಿದಾಕಿ ನಾನು. ಮರುದಿನದಿಂದ ಸ್ಕೂಟಿ ಮ್ಯಾಲ ಹಿಂದ ಕುಂದ್ರಿಸಿಕೊಂಡು ಮೂರು ದಿನ ಆ ಪೆಟ್ಟು ತಿಕ್ಕೋ ಮುದುಕಿ ಮಾರೆಮ್ಮನ ಹತ್ರ ಕರ್ಕೊಂಡು ಹೋದಾಕೀನೂ ನಾನು. ಸ್ವಂತ ಅಕ್ಕ ಮಾಡಂಗಿಲ್ಲ ಇಷ್ಟು. ಸರ್ ಏನೋ ಅಂದ್ರು, ಬರ್ಫ್ ಇಡ್ರಿ, ಹತ್ತು ದಿನ ಕಾಲು ಅಲ್ಲಾಡಿಸಬ್ಯಾಡ್ರಿ ಅಂತ. ಹತ್ತು ದಿನ ಸುಮ್ನ ಕುಂತ್ರ ಪ್ರಾಕ್ಟೀಸ್ ತಪ್ತೈತಿ, ಮಾರೆಮ್ಮ ಮೂರು ದಿನದಾಗ ಎಬ್ಬಿಸಿ ನಿಲ್ಲಿಸ್ತಾಳ ನಡಿ ಅಂದೆ. ನೀನೂ ಹೂಂ ಅಂದಿ. ಹೌದಿಲ್ಲೋ? ನಾನೇನು ಕೈ ಹಿಡದು ಎಳಕೊಂಡು ಹೋಗ್ಲಿಲ್ಲ.

ಏನ್ ಬಿಸಿ ಎಣ್ಣಿ ಅದು! ಎಕ್ಕಿ ಎಲಿ ಕಾಸಿ ಕಾಸಿ ಇಡ್ತಿದ್ಲು ಮುದುಕಿ. ನೀನು ಟವಲ್ ಕಚ್ಕೊಂಡು ಒದ್ದಾಡ್ತಿದ್ದಿ. ನಾನು ನಿನ್ನ ಕಾಲು ಹಿಡ್ಕೊಂಡಿದ್ದೆ, ಎರಡೂ ಕೈಲೆ. ನನ್ನ ಕಣ್ಣಾಗ ನೀರು ಬಂದಿತ್ತು ಗೊತ್ತಾ? ಯಾರಿಗೆ ಗೊತ್ತಿತ್ತು ಹಿಂಗ ಅಕ್ಕೈತಿ ಅಂತ. ನಮಗೇನು ಡಾಕ್ಟ್ರಿಕಿ ಬರ್ತೈತೇನು? ಹಣೇಬಾರ.

ಹೂಂ? ಏನಂದಿ? ನಿಮ್ಮಪ್ಪ ಎಲ್ಲಿಗೆ ಹೋಗ್ಯಾನ?

ಮಾರೆಮ್ಮನ ಮನಿಗಾ!

ಯಾಕ? ಈಗ್ಯಾಕ ಹೋಗ್ಯಾನ ಅಲ್ಲಿಗೆ? ಜಗಳ ಮಾಡಾಕಾ? ಯಾರ್ ಯಾರ್ ಹೋಗ್ಯಾರ? ನಿಮ್ಮಣ್ಣ ಮೈಲಾರೇಶನೂ ಹೋಗ್ಯಾನಾ! ಅಯ್ಯೋ ಶಿವನ, ಆ ಸಿಟ್ಟಿನಾವನ್ನ ಯಾಕ ಕಳಿಸಿದ್ರಿ ಲೇ? ಅವನು ಮೊದ್ಲ ಕಾಲು ಕೆದರಿ ಜಗಳ ತೆಗಿಯಾವ. ಮಾರೆಮ್ಮನ ಮನಿಯಾಗ ಯಾರದಾರ? ಒಬ್ಬಾಕೀನ ಇರ್ತಾಳ ಮುದುಕಿ, ಎಪ್ಪತ್ತು ದಾಟೈತಿ. ಊರ ಮುಂದ ನಿಂತು ಬಾಯಿ ಮಾಡಿದ್ರ ನಾಳಿಂದ ಯಾರು ಹೋಗ್ತಾರ ಅಕೀ ಕಡೆ? ನಿಮ್ಮಪ್ಪಗ ಏನ್ ತಲಿ ಕೆಟ್ಟೈತೇನು!

‘ಹೊಸಾ ಪೆಟ್ಟು ಯಾರು ತಿಕ್ಕಿದ್ರು’ ಅಂತ ಡಾಕ್ಟ್ರು ಕೇಳಿದ್ರಾ? ಹೊಸಾ ಪೆಟ್ಟಿಗೆ ಕಾವು ಕೊಟ್ಟು ತಿಕ್ಕಿದ್ದಕ್ಕ ಹಿಂಗಾತು ಅಂದ್ರಾ? ಅನ್ಲಿ. ಅದಕ್ಕ ಮಾರೆಮ್ಮ ಏನ್ ಮಾಡ್ತಾಳ? ಅಕೀದೇನ್ ತಪ್ಪು? ನೋಡು ಮೇಘಾ, ಅಕೀ ಮ್ಯಾಲ ಮಾತ್ರ ಹಾಕಬ್ಯಾಡ್ರಿ. ಅಕಿ ಹಂಗ ಸಿಕ್ಕ ಸಿಕ್ಕಂಗ ತಿಕ್ಕಾಕಿ ಅಲ್ಲ. ನಮ್ಮಜ್ಜಿ ತಿಪ್ಪೇರುದ್ರಮ್ಮನ ಕಾಲದಿಂದ ನೋಡೀನಿ ನಾನು. ಎಂಟು ದಿನ ಆಗೋತನಕ ಅಕಿ ಪೆಟ್ಟು ಮುಟ್ಟಂಗಿಲ್ಲ. ಮುಟ್ಟಂಗ ಇಲ್ಲ! ರೊಕ್ಕ ಸುರುವಿದ್ರೂ ಮುಟ್ಟಂಗಿಲ್ಲ. ಅದಕ್ಕ ಕರ್ಕೊಂಡು ಬಂದೋರನ್ನ ಕೇಳ್ತಾಳ. ನೋವಿದ್ದೋರು ಹೆಂಗಾದ್ರೂ ತಿಕ್ಕಿಸ್ಕೋಬೇಕಂತ ಸುಳ್ಳು ಹೇಳ್ತಾರಂತ, ಕರ್ಕೊಂಡು ಬಂದೋರು ಖರೇ ಹೇಳ್ತಾರಂತ. ಎಣ್ಣಿ ಬಟ್ಲಾ ಮುಂದ ಇಟ್ಟು, ‘ಇದನ್ನ ಮುಟ್ಟಿ ಹೇಳು, ಪೆಟ್ಟು ಬಿದ್ದು ಎಷ್ಟು ದಿನ ಆತು’ ಅಂತ ಕೇಳೇ...

ಕೇಳೇ ಕೈ ಹಚ್ಚೋದು.

ತಿನ್ನು. ಯಾಕ ತಿನ್ನೋದು ಬಿಟ್ಟಿ? ಮಂಡಕ್ಕಿ ಮೆತ್ತಗಾಗ್ತೈತಿ.

ಹಂಗ್ಯಾಕ ನೋಡ್ತಿ ನನ್ನ? ಕೇಳಿದ್ಲು. ನನ್ನೂ ಕೇಳಿದ್ಲು. ಎಲ್ಲಾರ್ನೂ ಕೇಳ್ತಾಳ ಅಂದ ಮ್ಯಾಲ ನನ್ನ ಬಿಡ್ತಾಳೇನು? ನೀನು ಚಾಪಿ ಮ್ಯಾಲ ಮಲಗಿ ನರಳಾಕತ್ತಿದ್ದಿ. ಮುದುಕಿ ಬಟ್ಲಾ ತಂದು ಇಟ್ಲು. ನಾನು ಮುಟ್ಟಿದೆ, ಮುಟ್ಟಿ ಹೇಳಿದೆ...

ಎಂಟು ದಿನ ಅಂದೆ.

ಹೂಂ. ಎಂಟು ದಿನ ಆಗ್ಯಾವ ಅಂದೆ. ಹಿಂದಿನ ದಿನದ ಪೆಟ್ಟಿಗೆ ಎಂಟು ದಿನ ಅಂದೆ. ಏನ್ ಮಾಡ್ಲಿ ಮತ್ತ? ನಿನ್ನ ನೋವು ನೋಡಾಕ ಆಗ್ಲಿಲ್ಲ. ನಿಜ ಹೇಳಿದ್ರ ಅಕಿ ವಾಪಸ್ ಕಳಸ್ತಿದ್ಲು, ನೀನು ಎಂಟು ದಿನ ಹಂಗ ಅನುಭವಿಸ್ಬೇಕಿತ್ತು. ನಿನ್ನ ಸಲುವಾಗಿ ಹೇಳಿದೆ ಲೇ. ಲಗೂನ ಎದ್ದು ಓಡ್ಯಾಡ್ಲಿ ನಮ್ಮ ಹುಡುಗಿ ಅಂತ. ಅಷ್ಟ.

ಏನ್... ನಿಂಗ ಏನೂ ಅನ್ನಿಸವಲ್ದಾ? ಬೆಚ್ಚಿ ಬೀಳಬ್ಯಾಡೇನು ನೀನು? ಒದರಾಡಬ್ಯಾಡೇನು?

ನಿಂಗ... ಗೊತ್ತಿತ್ತಾ?

ತಲಿ ಅಲ್ಲಾಡಿಸ್ತೀ ಅಂದ್ರ... ಕೇಳಿಸಿತ್ತಾ ಆವತ್ತು? ನಾನು ಎಂಟು ದಿನ ಅಂದದ್ದು ನಿನ್ನ ಕಿವಿಗೆ ಬಿದ್ದಿತ್ತಾ! ಮತ್ತ ಯಾಕ ಬಾಯಿ ಬಿಡ್ಲಿಲ್ಲ? ‘ನಿನ್ನೆ ಬಿದ್ದ ಪೆಟ್ಟಬೇ ಇದು’ ಅಂತ ಒಂದು ಮಾತು ಅನ್ನಾಕ ಏನಾಗಿತ್ತು ನಿಂಗ? ನಾನು ಹೇಳೀನಿ ಅಂತಾ? ಸುಮಕ್ಕ ಹೇಳ್ಯಾಳಂದ್ರ ಅದಕ್ಕೇನೋ ಕಾರಣ ಇರ್ತೈತಿ ಅಂತಾ? ಅಷ್ಟಕ್ಕ ಸುಮ್ನ ಟವಲ್ ಕಚ್ಕೊಂಡು ಮಲಗಿದ್ಯಾ!

ಡಾಕ್ಟ್ರು ಕೇಳಿದಾಗ್ಲೂ ಹೇಳ್ಲಿಲ್ಲ. ನಿಮ್ಮಪ್ಪ ಸಿಟ್ಟಿಗೆದ್ದು ಮಾರೆಮ್ಮನ ಮನಿಗೆ ಹೊಂಟಾಗ್ಲೂ ಹೇಳ್ಲಿಲ್ಲ. ನನ್ನ ಹೆಸರು ಬರ್ತೈತಿ ಅಂತ... ನನ್ನ ಉಳಿಸಿದ್ಯಾ ನೀನು?

ಕೈ ಬಿಡು. ಬಿಡು ಲೇ, ಕೈ ಯಾಕ ಹಿಡೀತಿ ನಂದು. ಪೆನ್ನು ಯಾಕ ತಗೊಂಡಿ? ಈಗ ಯಾಕ ಸಹಿ? ಹೋಗ್ಲಿ ಬಿಡು ಅಕ್ಕಾ ಅಂತೀಯಾ? ಗೊತ್ತಿಲ್ಲದ ಆಗೈತಿ ಅಂತೀಯಾ? ನೀನು ಆಡಿ ಬಾ ಅಂತೀಯಾ... ಏಯ್, ನಿಲ್ಲು. ಬರೀಬ್ಯಾಡ. ನಿಲ್ಲು ಅಂದೆ!

ಇದರಾಗೂ ನೀನ ಗೆಲ್ಬೇಕೇನು? ಹೇಳು. ಆಟದಾಗ ಗೆದ್ದಿ, ಮಂದಿ ಬಾಯಾಗ ಗೆದ್ದಿ, ನಮ್ಮವ್ವನ ಬಾಯಾಗೂ ಗೆದ್ದಿ. ಈಗ ಒಳ್ಳೇತನದಾಗೂ ನೀನ ಮ್ಯಾಲ! ಮಡಿಚಾಕ ಬರದ ಕಾಲು ಇಟ್ಕೊಂಡು ನಂಗ ‘ಆಡಿ ಬಾ’ ಅಂತ ಸಹಿ ಹಾಕಿ ಕೊಡ್ತೀಯಾ? ನಾನು ಅದನ್ನ ತಗೊಂಡು ಹೋಗಿ, ಮ್ಯಾಟ್ ಮ್ಯಾಲ ನಿಂತು, ನನ್ನ ತಂಗಿ ಎಷ್ಟು ಒಳ್ಳೇಕಿ ಅಂತ ನೆನಸ್ಕೊಂತ ರೈಡಿಗೆ ಹೋಗ್ಬೇಕಾ? ನನ್ನ ಕೈಲೆ ಆಗಂಗಿಲ್ಲ. ಪಾಪ ಸುಮಕ್ಕಗ ಗೊತ್ತಿರ್ಲಿಲ್ಲ ಅನ್ನೋ ಆ ಮುಖ ನೋಡಾಕ ಆಗಂಗಿಲ್ಲ ನನ್ನ ಕೈಲೆ.

ಗೊತ್ತಿತ್ತು!

ಗೊತ್ತಿತ್ತು ಲೇ ನಂಗ. ಎರಡು ವರ್ಷದ ಹಿಂದ ಹರಪನಹಳ್ಳಿ ಮ್ಯಾಚಿನಾಗ ನನ್ನ ತೊಡಿಗೂ ಹಿಂಗ ಬಿದ್ದಿತ್ತು. ನೀನು ಬಂದಿರ್ಲಿಲ್ಲ ಆ ಮ್ಯಾಚಿಗೆ. ದಾವಣಗೆರಿ ಡಾಕ್ಟ್ರು ಕಾಗದದ ಮ್ಯಾಲ ತೊಡಿ ಚಿತ್ರ ಬರದು ತೋರ್ಸಿದ್ದ. ‘ಇಲ್ಲಿ ರಕ್ತ ನಿಂತೈತಮ್ಮ. ತಣ್ಣಂದು ಇಡು, ಸುಮ್ನ ಬಿಡು, ಹತ್ತು ದಿನದಾಗ ಆರ್ತದ. ಬಿಸಿ ಮಾತ್ರ ಇಡಬೇಡ, ತಿಕ್ಕಿಸಬೇಡ. ತಿಕ್ಕಿಸಿದ್ಯೋ, ಇದ ರಕ್ತ ಕಲ್ಲಾಗಿ ಎಲುಬಾಗಿ ಕುಂದ್ರತದ, ವರ್ಷಗಟ್ಲೆ ಆಡಾಕ ಬರಲ್ಲ’ ಅಂದಿದ್ದ. ಒಂದೊಂದು ಮಾತೂ ನೆನಪೈತಿ ನಂಗ. ಮಾರೆಮ್ಮನ ಬಟ್ಲಾ ಮುಟ್ಟಿದಾಗ್ಲೂ ನೆನಪಿತ್ತು.

ನೀನು ಬಿದ್ದಾಗ ಸರ್ ನನ್ನ ಕಡೆ ತಿರುಗಿ ‘ಸುಮಾ, ರೆಡಿ ಆಗು’ ಅಂದ್ರು ನೋಡು... ಖುಷಿ ಆತು. ನೀನು ಕೆಳಗ ಬಿದ್ದು ಒದ್ದಾಡಾಕತ್ತಿದ್ದಿ, ನಂಗ ಖುಷಿ ಆತು. ಎರಡು ಪಾಯಿಂಟ್ ತಗೊಂಡೆ ಆವತ್ತು. ಮಂದಿ ಚಪ್ಪಾಳಿ ಹೊಡದ್ರು, ‘ಗಿರಣಿ ಬೆನಕಪ್ಪನ ಮಗಳಲ್ಲ ಇಕಿ?’ ಅಂತ ಯಾರೋ ಅಂದ್ರು. ಎಷ್ಟು ವರ್ಷ ಆಗಿತ್ತು ಆ ಮಾತು ಕೇಳಿ! ಕುಣಿದಾಡೋಹಂಗ ಆಗಿತ್ತು. ಆಮ್ಯಾಲ ಬಸ್ಸಿನಾಗ ಸರ್ ಅಂದ್ರು, ‘ಏನೂ ಚಿಂತಿಲ್ಲ, ಹತ್ತು ದಿನದಾಗ ಮೇಘಾ ಎದ್ದು ಬರ್ತಾಳ’. ಹತ್ತ ದಿನ! ನಂಗ ಬರೀ ಹತ್ತು ದಿನ! ಎರಡು ತಿಂಗಳು ಬೇಕಿತ್ತು ಲೇ ನಂಗ. ಈ ಪಂದ್ಯ ಮುಗಿಯೋತನಕ ಅಷ್ಟ. ಎರಡು ತಿಂಗಳು ನೀನು ಕುಂಟಿದ್ರ ಸಾಕಿತ್ತು. ಇಷ್ಟು... ಈ ಗಂಟು, ಈ ಆರು ತಿಂಗಳು, ಮಂಡಿ ಮಡಿಚಾಕ ಬರದಂಗ ಆಗೋದು... ಇಷ್ಟು ಬೇಕಿರ್ಲಿಲ್ಲ. ದೇವರಾಣಿ, ಇಷ್ಟು ಬೇಕಿರ್ಲಿಲ್ಲ ನಂಗ.

ಮೇಘಾ?

ಮಾತಾಡ್ಲೇ. ಬೈ. ಎದ್ದು ಹೊಡಿ ಬೇಕಾದ್ರ, ಏಳಾಕ ಆಗದಿದ್ರ ಆ ತಂಬಿಗಿ ತಗೊಂಡು ಒಗಿ ನನ್ನ ಮುಖಕ್ಕ. ನಿಮ್ಮಪ್ಪಗ ಫೋನ್ ಹಚ್ಚು, ಕೊಡು, ನಾನ ಹೇಳ್ತೀನಿ, ಮುದುಕೀನ ಏನೂ ಅನ್ನಬ್ಯಾಡ್ರಿ ಕಾಕಾ ಅಂತ. ಫೋನ್ ಎಲ್ಲೈತಿ? ಈ ಕಡೆ ನೋಡು. ಒಂದು ಸಲ ಈ ಕಡೆ ನೋಡು ಮೇಘಾ... ‘ಸುಮಕ್ಕಾ’ ಅನಬ್ಯಾಡ ಬಿಡು, ಹೆಸರು ಹಿಡದ ಬೈ.

ಏನ್ ಮಾಡಾಕತ್ತಿ? ಚಾದರ ಯಾಕ ಎಳಕೊಂತಿ ಕಾಲ ಮ್ಯಾಲ? ಇಷ್ಟು ಸೆಕಿಯಾಗ... ತೊಡಿ ಯಾಕ ಮುಚ್ಚಿಕೊಂತಿ ಲೇ?

ನಾನು ಮುಟ್ಟಂಗಿಲ್ಲ. ಇಲ್ಲಿ ನೋಡು, ಕೈ ಹಿಂದ ಇಟ್ಕೊಂಡೀನಿ. ಮುಟ್ಟಂಗಿಲ್ಲ ಮೇಘಾ.